ಇಬ್ಬರೂ ತನ್ನದೆಂದ ತಪ್ಪು

ನಲವತ್ತೆರಡರ ಚಳವಳಿಯಲ್ಲಿ ಗೋವಿನಕೋವಿ ಹತ್ತಿರ ಯಾರೋ ಟೆಲಿಗ್ರಾಫ್ ತಂತಿ ಕಡಿದಿದ್ದರು. ಹೊನ್ನಾಳಿ ತಾಲ್ಲೂಕು ಕಚೇರಿಯಲ್ಲಿ ಅದರ ವಿಚಾರಣೆ ನಡೆದಾಗ ಹೇಳಿಕೆ ಬರೆದುಕೊಳ್ಳುವ ಗುಮಾಸ್ತ ನಾನೇ. ಸಿಕ್ಕಿಬಿದ್ದವರು ಚಳವಳಿಯ ಇಬ್ಬರು ಹಳೆಯ ಮುಖಂಡರು. ಮುಖಂಡತನಕ್ಕಾಗಿಯೇ ಜಗಳವಾಡಿ ವರ್ಷಗಳಿಂದ ಮಾತು ಬಿಟ್ಟವರು. ಒಬ್ಬರ ಮೇಲೊಬ್ಬರು ಹೇಳಿಯೇ ಹೇಳುತ್ತಾರೆಂದು ಅಮಲ್ದಾರರು ಬೇರೆ ಬೇರೆಯಾಗಿ ಕರೆಸಿದರು.

ಮೊದಲು ಬಂದ ರುದ್ರಪ್ಪನವರು, "ನಾನೊಬ್ನೇ ಕಡಿದದ್ದು, ಬರ್ಕೊಳ್ರಿ" ಎಂದರು.

ಆಮೇಲೆ ಬಂದ ಹನುಮಂತಪ್ಪನವರಿಗೆ ಅದನ್ನು ಓದಿ ಹೇಳಿದೆ. ಅವರು ನಕ್ಕರು. "ಅವ್ರಿಗೆ ಕಂಬ ಹತ್ತಾಕೆ ಎಲ್ಲಿ ಬರ್ತೈತೆ ಸ್ವಾಮಿ? ಕಡಿದೋನು ನಾನು. ಅವ್ರನ್ನ ಬಿಟ್ಟುಬಿಡ್ರಿ."

ಎಷ್ಟು ಕೆದಕಿದರೂ ಇಬ್ಬರ ಮಾತೂ ಬದಲಾಗಲಿಲ್ಲ. ಇಬ್ಬರನ್ನೂ ಜೈಲಿಗೆ ಕರೆದೊಯ್ಯುವಾಗ ನಾನು ನನಗೇ ಗೊತ್ತಿಲ್ಲದೆ ಎದ್ದು ನಿಂತು ಕೈಮುಗಿದಿದ್ದೆ. ಸರ್ಕಾರಿ ನೌಕರ ನೋಡಿ, ಅದೊಂದನ್ನು ಮಾತ್ರ ಯಾವ ಕಾಗದದಲ್ಲೂ ಬರೆಯಲಿಲ್ಲ.