ಹೋದ ವರ್ಷದ ಫೋಲ್ಡರು, ಈ ವರ್ಷದ ಭತ್ತ

ಗೆಳೆಯರೇ, ನೀರಾವರಿ ಕಚೇರಿಯವರು ಕೊಡುತ್ತೇವೆಂದು ಒಪ್ಪಿದ್ದು: ನಾಲೆಯ ಕೊನೆಭಾಗದ ನಮ್ಮ ಗದ್ದೆಗಳಿಗೆ ನಾಳೆಯಿಂದ ನೀರು. ಆಗುವುದಿಲ್ಲ ಎಂದದ್ದು: ನೀರಿನ ಸರದಿ ಪಟ್ಟಿಯನ್ನು ನಾವು ನೋಡುವುದು. ಇವತ್ತು ಕಚೇರಿಗೆ ನುಗ್ಗಿಯೇ ನೋಡಿದೆವು. ಪಟ್ಟಿಯಲ್ಲಿ ನಾಳೆ ನಮ್ಮ ತೂಬು ಬಂದ್!

“ಇದು ಓದ ವರ್ಸದ್ದು ಕಣವ್ವಾ!” ಎಂದು ಹೋದ ವರ್ಷದ ಸರದಿ ಬಾಯಿಪಾಠವಾಗಿದ್ದ ನಮ್ಮೂರಿನ ಸಿದ್ದಣ್ಣ ಕಿರುಚಿದ.

ಕಂಪ್ಯೂಟರ್ ಆಪರೇಟರ್ ಹುಡುಗಿ ಬೆವೆತುಹೋದಳು. “ಎಕ್ಸೆಲ್‌ನಲ್ಲಿ ಬಟನ್ ಒತ್ತಿದ್ರೆ, ಕೊನೇಲಿ ಯಾರು ಯಾವ ಫೋಲ್ಡರ್ ತೆಗ್ದಿದ್ರೋ ಅದೇ ಬತ್ತದಣ್ಣ. ಎರಡ್ರಲ್ಲೂ ಫೈಲಿನ ಹೆಸ್ರು ಒಂದೇ. ಈ ವರ್ಸದ ಫೋಲ್ಡರನ್ನೇ ತೆಗಿ ಅಂತ ಆ ಬಟನ್ ನಡೆಸೋ ಮ್ಯಾಕ್ರೋದಲ್ಲಿ ಬರ್ದಿಲ್ಲ.”

“ಒಂದ್ ಸಾಲು ಬರಿಯಕ್ಕೆ ಏನವ್ವಾ ರೋಗ?”

“ಬರೀತೀನಣ್ಣ. ಆದ್ರೆ ಈ ಪಟ್ಟಿಗೆ ಸಾಹೇಬ್ರ ಸಹಿ ಆಗೋಗದೆ.”

ಇಂಜಿನಿಯರ್ ಸಾಹೇಬರು ಫೈಲಿನಿಂದ ತಲೆ ಎತ್ತಲಿಲ್ಲ. “ಸಹಿ ಆದ್ಮೇಲೆ ತಿದ್ದೋದು ನೀರಾವರಿ ಸಭೇಲಿ ಕಣ್ರೀ. ಸೋಮವಾರ ಹನ್ನೊಂದಕ್ಕೆ ಬನ್ನಿ.”

ವಾಪಸ್ ಬರುವಾಗ ಅರಕೆರೆ ಬಸ್ಸಿನ ಕಿಟಕಿಯಿಂದ ಎಲ್ಲರೂ ಗದ್ದೆಗಳನ್ನೇ ನೋಡಿದೆವು. ಭತ್ತ ಹೊಡೆ ಬಿಚ್ಚಿ ತೆನೆ ಹಾಕುತ್ತಿದೆ, ಈಗ ನೀರು ತಪ್ಪಿದರೆ ತೆನೆಯೆಲ್ಲ ಜೊಳ್ಳು. ಘೋಷಣೆ ಕೂಗಿ ಪಳಗಿದ ನನಗೂ ಹೆದರಿಕೆಯಾಗಿದೆ. ನೀರಗಂಟಿ ತೂಬು ಮುಚ್ಚುವುದು ಕಾಗದ ನೋಡಿ, ಗದ್ದೆ ನೋಡಿ ಅಲ್ಲ.

ಅವರ ಸಭೆ ಸೋಮವಾರಕ್ಕಿರಲಿ. ನಮ್ಮದು ತೂಬಿನ ಮೇಲೆಯೇ: ನಾಳೆ ಗುರುವಾರ, ಬೆಳಿಗ್ಗೆ ಆರು ಗಂಟೆಗೆ.