ಬಿಚ್ಚಿಟ್ಟ ವಾಚು

ಕಚ್ಚುವ ನಾಯಿಗಳನ್ನು ಪಳಗಿಸಿ ಬದುಕುವ ಆ ಹೆಂಗಸನ್ನು ಬೀದಿಯವರೆಲ್ಲ ಬಿಸ್ಕತ್ತಮ್ಮ ಎಂದೇ ಕರೆಯುತ್ತಿದ್ದರು. ಅವಳ ಹಳೆಯ ಕೋಟಿನ ಜೇಬು ಎಂದೂ ಖಾಲಿ ಇರುತ್ತಿರಲಿಲ್ಲ. ಅವಳು ಕೂತು ಎದ್ದ ಕಡೆಯೆಲ್ಲ ಪುಡಿ ಉದುರಿರುತ್ತಿತ್ತು. ಇರುವೆ ಸಾಲು ಕಂಡರೆ ಸಾಕು, "ಬಿಸ್ಕತ್ತಮ್ಮ ಬಂದು ಹೋದ್ರಾ?" ಎಂದು ಜನ ನಗುತ್ತಿದ್ದರು.

ಈ ಕೆಲಸವನ್ನು ಅವಳು ಇಷ್ಟಪಟ್ಟು ಕಲಿತದ್ದಲ್ಲ. ಗಂಡ ಒಂದು ಸಂಜೆ ರಟ್ಟಿನ ಡಬ್ಬಿಯಲ್ಲಿ ಮರಿಯೊಂದನ್ನು ತಂದ. "ಮಗಳಿಗೆ ಖುಷಿಯಾಗಲಿ" ಎಂದ. ಬೆಳಗ್ಗೆ ಎದ್ದು ಕೆಲಸಕ್ಕೆ ಹೋದ. ಖುಷಿ ಅವರದಾಯಿತು, ಉಚ್ಚೆ ಇವಳದಾಯಿತು. ಮರಿ ಕುರ್ಚಿಯ ಕಾಲು ಕಡಿಯಿತು, ಚಪ್ಪಲಿ ನುಂಗಿತು, ಬಂದ ನೆಂಟರ ಹಿಮ್ಮಡಿ ಹಿಡಿಯಿತು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತು ಅನ್ನುತ್ತಾರಲ್ಲ, ಹಾಗೆ ಗಂಡ ಮಗಳಿಗೆ ಹೇಳಿದ, ಮಗಳು ಅಮ್ಮನಿಗೆ ಹೇಳಿದಳು. ಅಮ್ಮನಿಗೆ ಮಾತ್ರ ಬಾಲವಿರಲಿಲ್ಲ. ಹಾಗಾಗಿ ಅವಳು ಕಲಿತಳು. ಆಮೇಲೆ ಗಂಡ ಹೋದ, ಆ ನಾಯಿಯೂ ಹೋಯಿತು, ವಿದ್ಯೆ ಉಳಿಯಿತು. ಮಗಳನ್ನು ಓದಿಸಿದ್ದು ಅದೇ ವಿದ್ಯೆ.

ಹಲ್ಲು ಕೈಗೆ ತಾಗಿದೊಡನೆ ಆಟ ನಿಲ್ಲಿಸು, ಮುಖ ತಿರುಗಿಸಿಕೊ, ಬೈಯಬೇಡ. ಬಾಯಿ ಬಿಟ್ಟೊಡನೆ ಚೂರು ಬಿಸ್ಕತ್ತು. ಮೇಜಿನ ಕಾಲಿಗೆ ಕಹಿ ಎಣ್ಣೆ ಸವರು. ಆದರೆ ಕಡಿಯಲು ಬೇರೇನಾದರೂ ಕೊಡು, ಗಂಟು ಹಾಕಿದ ಹಗ್ಗವನ್ನೋ ಹಳೆಯ ಟವೆಲನ್ನೋ. ಇಷ್ಟೇ ಅವಳ ಮಂತ್ರ. ಯಾವ ಮನೆಗೆ ಹೋದರೂ ಮೊದಲ ಪ್ರಶ್ನೆ ಒಂದೇ: "ಇದಕ್ಕೆ ಅನ್ನ ಹಾಕೋರು ಯಾರು?" ಫೋನ್ ಮಾಡಿ ಕರೆಸಿದವರು ಸೋಫಾದಲ್ಲಿ ಕೂತಿರುತ್ತಿದ್ದರು, ಅನ್ನ ಹಾಕುವವಳು ಅಡುಗೆಮನೆಯ ಬಾಗಿಲಿಂದ ಇಣುಕುತ್ತಿದ್ದಳು. ನಾಯಿಯನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ತಿದ್ದುವುದು ಬಿಸ್ಕತ್ತಮ್ಮನ ರೂಢಿ. ಕೊನೆಯ ಕೆಲವು ದಿನ ಅನ್ನ ಹಾಕುವವಳೂ ಬಂದು ನಾಯಿಯ ಜೊತೆ ಉಳಿಯಬೇಕು ಎಂಬುದು ಅವಳ ನಿಯಮ. "ಅವಳು ಬಂದ್ರೆ ಮನೆ ಕೆಲಸ ಯಾರು ಮಾಡ್ತಾರೆ?" ಎಂದು ಕೇಳಿದವರಿಗೆ ಅವಳ ಉತ್ತರ, "ಹಾಗಾದ್ರೆ ಕಚ್ಚಿಸ್ಕೊಳ್ಳಿ."

ಮಗಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಪದೇಪದೇ ಬಂದು ಮುಲಾಮು ಕೊಳ್ಳುತ್ತಿದ್ದ ಗಿರಾಕಿಯೊಬ್ಬನ ಜೊತೆ ಮಾತು ಬೆಳೆದು, ಮಾತು ಮದುವೆಯವರೆಗೆ ಬಂದಿತ್ತು. ಅಂಗಡಿಯ ಹುಡುಗಿಯರು ಅವನಿಗೆ ಮುಲಾಮು ಎಂದೇ ಹೆಸರಿಟ್ಟಿದ್ದರು. ಆ ಹೆಸರು ಮನೆಯಲ್ಲೂ ನಿಂತಿತು.

"ಅವರ ಮನೆ ನಾಯಿ ಅಕ್ಕನ್ನೇ ಕಚ್ಚುತ್ತಂತೆ ಕಣಮ್ಮ. ಅದಕ್ಕೇ ಅಷ್ಟು ಸಲ ಬರ್ತಿದ್ರು. ಅಕ್ಕನ ಮೇಲೆ ಎಷ್ಟು ಪ್ರೀತಿ ನೋಡು," ಎಂದು ಮಗಳು ಹೇಳುತ್ತಿದ್ದಳು. ಮುಲಾಮು ವಿಮಾ ಕಚೇರಿಯಲ್ಲಿ ಅಧಿಕಾರಿ. ಮದುವೆಯಾಗದ ಅಕ್ಕ, ತಮ್ಮ, ಒಂದು ಕಂದು ನಾಯಿ, ಇಷ್ಟೇ ಆ ಮನೆ. ಬೀಗರ ನಾಯಿ ಎಂದ ಮೇಲೆ ಬಿಸ್ಕತ್ತಮ್ಮನ ಕೈಗೆ ಬರದೆ ಇರುತ್ತದೆಯೇ?

ಅವನೇ ನಾಯಿಯನ್ನೂ ಅಕ್ಕನನ್ನೂ ಕಾರಿನಲ್ಲಿ ಕರೆತಂದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾದ ಮಾತು.

"ಅತ್ತೆ, ನೀರಿನ ಬಿಲ್ ಕೊಡೋನನ್ನ ಕಚ್ಚಿದೆ, ಬಡಗಿಯನ್ನ ಕಚ್ಚಿದೆ, ಅಕ್ಕನ್ನಂತೂ ಬಿಟ್ಟೇ ಇಲ್ಲ. ಊಟದ ಮೇಜಿನ ಕಾಲು ಮುಗಿಸಿದೆ. ಮದುವೆಯೊಳಗೆ ಸರಿ ಹೋದ್ರೆ ಸರಿ. ಇಲ್ಲಾಂದ್ರೆ ಇಂಜೆಕ್ಷನ್ ಕೊಡಿಸಿ ಮಲಗಿಸಿಬಿಡ್ತೀನಿ. ಮನೆಗೆ ಹೊಸಬಳು ಬರ್ತಾಳಲ್ಲ, ಅವಳನ್ನೂ ಕಚ್ಚಿದ್ರೆ?"

"ಇದಕ್ಕೆ ಅನ್ನ ಹಾಕೋರು ಯಾರು?"

"ಅಕ್ಕ. ಇನ್ಯಾರು?"

ಅಕ್ಕ ದಪ್ಪ ಕನ್ನಡಕದ, ಉದ್ದ ತೋಳಿನ ಅಂಗಿಯ ಹೆಂಗಸು. ನಾಯಿಯ ತಟ್ಟೆ, ಹಗ್ಗ, ಹೊದಿಕೆ ಎಲ್ಲವನ್ನೂ ಚೀಲದಲ್ಲಿ ಒಪ್ಪವಾಗಿ ಜೋಡಿಸಿ ತಂದಿದ್ದಳು. ನಾಯಿ ಅವಳ ಪಾದಗಳ ಮೇಲೆ ಗದ್ದವಿಟ್ಟು ಮಲಗಿತ್ತು. ಕಚ್ಚುವ ನಾಯಿ ಕಚ್ಚಿಸಿಕೊಂಡವಳ ಪಾದದ ಮೇಲೆ ಹೀಗೆ ಮಲಗುತ್ತದೆಯೇ ಎಂದು ಬಿಸ್ಕತ್ತಮ್ಮನಿಗೆ ಅನಿಸಿತು. ಅನಿಸಿದ್ದನ್ನು ಆಡಲಿಲ್ಲ. ಬೀಗರ ಮುಂದೆ ಎಲ್ಲ ಅನಿಸಿಕೆಗೂ ಬಾಯಿ ಬರುವುದಿಲ್ಲ.

ಅವರು ಹೋದ ಮೇಲೆ ಅವಳು ಪರೀಕ್ಷೆ ಶುರು ಮಾಡಿದಳು. ಹೊಡೆತ ತಿಂದ ನಾಯಿ ಪೊರಕೆ ಎತ್ತಿದರೆ ಮುದುಡುತ್ತದೆ. ಇದು ಬಾಲ ಆಡಿಸಿತು. ಕೋಲು ಹಿಡಿದಳು, ಚಪ್ಪಲಿ ಎತ್ತಿದಳು, ಬೆಲ್ಟು ಬೀಸಿದಳು. ಎಲ್ಲವೂ ಅದಕ್ಕೆ ಆಟ. ಬಿಸ್ಕತ್ತಮ್ಮ ಹಗುರಾದಳು. ಆ ಮನೆಯಲ್ಲಿ ಇದರ ಮೇಲೆ ಯಾರೂ ಕೈ ಮಾಡಿಲ್ಲ.

ನಾಯಿ ಬೇಗ ಕಲಿಯಿತು. "ಬಿಡು" ಎಂದರೆ ಬಿಟ್ಟಿತು. ಮಂಚದ ಕಾಲನ್ನು ಮರೆತು ಹಗ್ಗ ಕಡಿಯಿತು. ಪೇಪರಿನವನು ಗೇಟು ತೆಗೆದರೂ ಕೂತಲ್ಲೇ ಕೂತಿತು. "ನಿನ್ನ ಅಳಿಯನಿಗಿಂತ ಇದೇ ಬೇಗ ಮಾತು ಕೇಳತ್ತೆ," ಎಂದು ಮಗಳು ನಕ್ಕಳು.

ಹೀಗಿರುವಾಗ ಪಂಪ್ ರಿಪೇರಿಯವನು ಬಂದ. ನಾಯಿ ಅವನ ಚೀಲ ಮೂಸಿತು, ಅವನಿಂದ ತಲೆ ನೇವರಿಸಿಕೊಂಡಿತು, ಬಾಗಿಲ ಬಳಿ ಮಲಗಿತು. ಅವನು ತೊಟ್ಟಿಗೆ ಕೈ ಹಾಕುವ ಮೊದಲು ವಾಚಿನ ಕೊಂಡಿ ಬಿಚ್ಚಿದ. ಕಟಕ್ ಎಂದಿತು. ವಾಚನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ.

ನಾಯಿ ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡಿತು. ಹೊಟ್ಟೆ ನೆಲಕ್ಕೆ ಒತ್ತಿಕೊಂಡು ಮಂಚದಡಿ ಸರಿದು ಮಂಚದ ಕಾಲನ್ನು ಕರಕರ ಕಡಿಯತೊಡಗಿತು. "ಏನಾಯ್ತಪ್ಪಾ ನಿಂಗೆ?" ಎಂದು ಅವನು ಕೈ ಚಾಚಿದ್ದೇ ತಡ, ಹಾರಿ ಅವನ ತೋಳಿನ ಬಟ್ಟೆಯನ್ನು ಹರಿದು ಹಾಕಿತು.

ರಿಪೇರಿಯವನಿಗೆ ಸಮಾಧಾನ ಹೇಳಿ ಕಳಿಸಿದ ಬಿಸ್ಕತ್ತಮ್ಮ, ನೆಲ ಒರೆಸಿ, ಬಹಳ ಹೊತ್ತು ಒರೆಸುವ ಬಟ್ಟೆಯನ್ನು ಹಿಡಿದೇ ಕೂತಿದ್ದಳು. ಆಮೇಲೆ ಪೆಟ್ಟಿಗೆಯಿಂದ ಸತ್ತ ಗಂಡನ ವಾಚು ತೆಗೆದು ಕಟ್ಟಿಕೊಂಡಳು. ನಾಯಿಯ ಎದುರಿಗೆ ನಿಂತು ಬಿಚ್ಚಿದಳು. ಅದಕ್ಕೆ ಇವಳೆಂದರೆ ಪ್ರಾಣ. ಆದರೂ ಮಂಚದಡಿಗೆ ಹೋಯಿತು.

ಸಂಜೆ ಮಗಳಿಗೆ ಹೇಳಿದಾಗ ಅವಳು ಸಿಡಿದಳು. "ಸ್ನಾನ ಮಾಡಿಸೋಕೆ ಬಿಚ್ಚಿಟ್ಟಿರ್ತಾರೆ. ನಾಯಿಗೆ ಸ್ನಾನ ಅಂದ್ರೆ ಆಗಲ್ಲ. ಅಷ್ಟೂ ಗೊತ್ತಿಲ್ವಾ ನಿಂಗೆ?"

ಹೌದಲ್ಲ ಎನಿಸಿತು ಅವಳಿಗೆ. ಹೌದಾಗಲಿ ಎಂದು ಆಸೆಪಟ್ಟಳು. ಬಕೆಟ್ಟಿಗೆ ನೀರು ತುಂಬಿ ತಂದಳು. ನಾಯಿ ತಾನಾಗಿಯೇ ಮುಂಗಾಲುಗಳನ್ನು ನೀರಿಗಿಳಿಸಿ, ಕಿವಿ ಕೊಡವಿ, ಇಬ್ಬರನ್ನೂ ತೋಯಿಸಿತು. ಮಗಳು ಮುಖದ ನೀರು ಒರೆಸಿಕೊಂಡಳು, ನಗಲಿಲ್ಲ.

"ಅವರು ಅದನ್ನ ಹೊಡೆದಿಲ್ಲ. ನೀನೇ ಹೇಳ್ದೆ."

"ಹೊಡೆದಿಲ್ಲ. ಅದು ಏನೋ ನೋಡಿದೆ."

"ಏನು ನೋಡಿದೆ? ನಾಯಿ ಬಂದು ಸಾಕ್ಷಿ ಹೇಳ್ತಾ? ನಾಯಿ ಮಾತು ಕೇಳಿ ಯಾರಾದ್ರೂ ಮದುವೆ ಮುರೀತಾರಾ ಅಮ್ಮಾ? ಜನ ಉಗೀತಾರೆ."

"ನಾನು ಮುರಿ ಅಂದ್ನಾ?"

"ನಿನ್ನ ಮುಖ ಅಂತಿದೆ." ಮಗಳು ಬೀರುವಿನಿಂದ ಸಣ್ಣ ಡಬ್ಬಿಯೊಂದನ್ನು ತೆಗೆದಳು. ಮದುವೆಯ ದಿನಕ್ಕೆಂದು ಅವನಿಗೆ ಕೊಂಡಿಟ್ಟ ಹೊಸ ವಾಚು. "ಭಾನುವಾರ ಇಬ್ಬರನ್ನೂ ಕರೀತೀನಿ. ನಿನ್ನ ಕಣ್ಣೆದುರಿಗೇ ಹಳೇದು ಬಿಚ್ಚಿಸಿ ಹೊಸದು ಕಟ್ತೀನಿ. ಆಮೇಲಾದ್ರೂ ಬಾಯಿ ಮುಚ್ಕೊಂಡಿರು."

ಭಾನುವಾರ ಅವರು ಬಂದರು. ನಾಯಿ ಎಲ್ಲ ಪಾಠವನ್ನೂ ಒಪ್ಪಿಸಿತು. ಕೂತಿತು, ಬಿಟ್ಟಿತು, ಮೇಜಿನ ಕಾಲಿನತ್ತ ತಿರುಗಿಯೂ ನೋಡಲಿಲ್ಲ. ಮುಲಾಮು ಚಪ್ಪಾಳೆ ತಟ್ಟಿದ. "ಅತ್ತೆ, ನಮ್ಮಕ್ಕನಿಗೂ ಸ್ವಲ್ಪ ಹೀಗೆ ಕಲಿಸಿಕೊಡಿ." ತಮಾಷೆ ಎಂದು ಎಲ್ಲರೂ ನಕ್ಕರು. ಅಕ್ಕ ಎಲ್ಲರಿಗಿಂತ ಮೊದಲು ನಕ್ಕಳು. ಕೂರಿ ಎಂದರೂ ಕೇಳದೆ ಅವಳೇ ಟೀ ಹಂಚುತ್ತಿದ್ದಳು.

ಮಗಳು ಡಬ್ಬಿ ಹಿಡಿದು ಬಂದಳು. "ಕಣ್ಣು ಮುಚ್ಚಿ. ಹಳೇ ವಾಚು ಬಿಚ್ಚಿ, ಕೈ ಕೊಡಿ."

ಅವನು ಮುಗುಳ್ನಗುತ್ತ ಕಣ್ಣು ಮುಚ್ಚಿದ. ಕೊಂಡಿಗೆ ಬೆರಳು ಹೋಯಿತು. ಕಟಕ್.

ನಾಯಿ ಏನು ಮಾಡುತ್ತದೆಂದು ಬಿಸ್ಕತ್ತಮ್ಮನಿಗೆ ಗೊತ್ತಿತ್ತು. ಅವಳು ನೋಡುತ್ತಿದ್ದದ್ದು ಅಕ್ಕನನ್ನು. ಆ ಸದ್ದಿಗೆ ಅಕ್ಕ ಟೀ ತಟ್ಟೆಯನ್ನು ಕಪಾಟಿನ ಮೇಲೆ, ಕೈಗೆ ತಾಗದಷ್ಟು ಒಳಕ್ಕೆ ಸರಿಸಿಟ್ಟಳು. ಕನ್ನಡಕ ತೆಗೆದಳು. ಕಡ್ಡಿಗಳನ್ನು ಮಡಿಸಿ ಜೇಬಿಗೆ ಹಾಕಿದಳು. ಗೋಡೆಗೆ ಬೆನ್ನು ಕೊಟ್ಟು, ಕೈ ಇಳಿಬಿಟ್ಟು, ನಿಂತಳು. ಯಾವ ಗಾಬರಿಯೂ ಇಲ್ಲ. ಒಲೆ ಆರಿಸಿದಂತೆ, ಬಾಗಿಲು ಹಾಕಿದಂತೆ, ದಿನದ ಕೆಲಸಗಳಲ್ಲಿ ಒಂದನ್ನು ಮಾಡಿದಂತೆ.

ಮಂಚದಡಿಯಿಂದ ಕರಕರ ಸದ್ದು ಬಂತು.

ಮಗಳೂ ನೋಡಿದ್ದಳು. ಅವಳ ಕೈ ಡಬ್ಬಿಯ ಮುಚ್ಚಳದ ಮೇಲೇ ನಿಂತಿತು. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಅಕ್ಕನಿಗೆ ತಿಳಿದು, ಅವಳು ತಡಬಡಿಸಿ ಕನ್ನಡಕ ಹೊರತೆಗೆದಳು. "ಒರೆಸೋಣ ಅಂತ... ಟೀ ಹಬೆ..." ಎಂದು ನಕ್ಕಳು.

"ಬಾವಿನ ಮುಲಾಮು," ಎಂದಳು ಮಗಳು, ಯಾರಿಗೂ ಅಲ್ಲದಂತೆ. "ನೀವು ಯಾವಾಗಲೂ ತಗೋತಿದ್ದದ್ದು ಬಾವು ಬಂದ್ರೆ ಹಚ್ಚೋದು. ಪೆಟ್ಟು ಬಿದ್ದು ಊದಿಕೊಂಡ ಜಾಗಕ್ಕೆ. ನಾಯಿ ಕಚ್ಚಿದ್ರೆ ಅದನ್ನ ಯಾರೂ ಹಚ್ಚಲ್ಲ. ನಾನೇ ಕಟ್ಟಿ ಕೊಡ್ತಿದ್ದೆ."

ಅವನು ಕಣ್ಣು ತೆರೆದು, ಬಿಚ್ಚಿದ ವಾಚನ್ನು ಮೇಜಿನ ಮೇಲಿಟ್ಟ. ಮಗಳನ್ನಲ್ಲ, ಅಕ್ಕನನ್ನು ನೋಡಿದ. ನಗು ಹಾಗೆಯೇ ಇತ್ತು. "ಅಕ್ಕಾ, ಚೀಲ ತಗೋ. ನಾಯಿ ಕಲಿತಾಯ್ತಲ್ಲ, ಹೊರಡೋಣ."

ಅಕ್ಕ ಚೀಲದ ಕಡೆ ಬಾಗಿದಳು. ಬಿಸ್ಕತ್ತಮ್ಮನಿಗೆ ಹೊಳೆಯಿತು: ಮಗಳು ಪಾರಾದಳು, ಆದರೆ ಮಗಳು ಆಡಿದ ಮಾತಿಗೆ ಇವತ್ತು ಆ ಮನೆಯಲ್ಲಿ ಲೆಕ್ಕ ತೀರಿಸಬೇಕಾದವಳು ಅಕ್ಕ.

"ಕಲಿತಿಲ್ಲ," ಎಂದಳು ಬಿಸ್ಕತ್ತಮ್ಮ. "ಮಂಚ ಕಡೀತಿರೋದು ಕೇಳಿಸ್ತಿಲ್ವಾ? ಇನ್ನು ಅನ್ನ ಹಾಕೋರು ಇಲ್ಲೇ ಉಳೀಬೇಕು. ನನ್ನ ನಿಯಮ."

"ಅದೆಲ್ಲ ಆಗಲ್ಲ ಅತ್ತೆ. ಮನೆ ಕೆಲಸ ಯಾರು ಮಾಡ್ತಾರೆ?"

"ನಿಮಗೆ ಕೈ ಇದೆಯಲ್ಲ," ಎಂದಳು ಮಗಳು.

ಬಿಸ್ಕತ್ತಮ್ಮ ಅಕ್ಕನನ್ನು ಎಳೆಯಲಿಲ್ಲ, ಕರೆಯಲಿಲ್ಲ. ಹೆದರಿದ ಜೀವವನ್ನು ಎಳೆದರೆ ಅದು ಇನ್ನಷ್ಟು ಒಳಕ್ಕೆ ಸರಿಯುತ್ತದೆ. ತಾನು ಒಂದು ಹೆಜ್ಜೆ ಸರಿದು ಅವಳ ಮತ್ತು ಬಾಗಿಲಿನ ನಡುವೆ ನಿಂತಳು, ಅಷ್ಟೆ. ಅಕ್ಕ ಚೀಲದಿಂದ ನಾಯಿಯ ತಟ್ಟೆಯನ್ನು ಹೊರತೆಗೆದಳು. ಅದನ್ನು ಮಂಚದ ಪಕ್ಕ ನೆಲದ ಮೇಲಿಟ್ಟಳು. ತಮ್ಮನ ಕಡೆ ನೋಡದೆ, "ಇದು ನನ್ನ ಕೈಯಿಂದ್ಲೇ ತಿನ್ನೋದು," ಎಂದಳು.

ಅವನು ತಲೆಯಾಡಿಸಿದ, ಗಿರಾಕಿಯ ಅರ್ಜಿಯನ್ನು ಓದಿ ಬದಿಗಿಡುವವನಂತೆ. ಶೂ ಹಾಕಿಕೊಂಡ. ಲೇಸನ್ನು ಬಿಗಿಯಾಗಿ ಕಟ್ಟಿದ.

"ನಿಮ್ಮ ವಾಚು," ಎಂದಳು ಮಗಳು.

ಅವನು ಬರಿಯ ಮಣಿಕಟ್ಟನ್ನು ಇನ್ನೊಂದು ಕೈಯಿಂದ ನಿಧಾನವಾಗಿ ಸವರಿಕೊಂಡ. "ಇರಲಿ. ಬಿಚ್ಚಿಟ್ಟಾಗಿದೆಯಲ್ಲ. ನಾಳೆ ಬರ್ತೀನಿ."

ಗೇಟನ್ನು ಸದ್ದಿಲ್ಲದೆ ಹಾಕಿಕೊಂಡು ಹೋದ. ಬಿಸ್ಕತ್ತಮ್ಮ ಮೇಲಿನ ಚಿಲಕ ಹಾಕಿದಳು, ಕೆಳಗಿನದನ್ನೂ ಹಾಕಿದಳು. ಅಕ್ಕ ಮಂಚದ ಪಕ್ಕ ಕೂತು ಒಳಕ್ಕೆ ಕೈ ಚಾಚಿದ್ದಳು. ಕನ್ನಡಕ ಮೂಗಿನ ಮೇಲಿತ್ತು, ಆದರೆ ಇನ್ನೊಂದು ಕೈಯ ಬೆರಳು ಆಗಾಗ ಅದರ ಕಡ್ಡಿಯನ್ನು ಮುಟ್ಟಿ ಬರುತ್ತಿತ್ತು. ಮೇಜಿನ ಮೇಲೆ ವಾಚು ಬಿದ್ದಿತ್ತು. ಅದನ್ನು ಎತ್ತಿಡಲು ಮೂವರಲ್ಲಿ ಯಾರೂ ಕೈ ಮುಂದೆ ಮಾಡಲಿಲ್ಲ. ನಾಯಿ ಮಂಚದ ಕಾಲು ಕಡಿಯುತ್ತಲೇ ಇತ್ತು. ಆ ದಿನ ಬಿಸ್ಕತ್ತಮ್ಮ ಅದಕ್ಕೆ "ಬಿಡು" ಎನ್ನಲಿಲ್ಲ.