ಸೀಟಿಯಮ್ಮ ಕೊಟ್ಟ ಮಾತು

ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಆ ಹೆಂಗಸಿಗೆ ಸೀಟಿಯಮ್ಮ ಎಂಬ ಹೆಸರು ಬಿದ್ದದ್ದು ಅವಳು ಸೀಟಿ ಊದುತ್ತಿದ್ದಳೆಂದಲ್ಲ, ಊದುವವರನ್ನು ಹುಡುಕಿ ತರುತ್ತಿದ್ದಳೆಂದು. ಶನಿವಾರ ಬಂತೆಂದರೆ ಮಕ್ಕಳ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು. ಒಂದೊಂದು ಪಂದ್ಯಕ್ಕೂ ಇಬ್ಬರು ರೆಫರಿಗಳು ಬೇಕು. ಬಲಗೈಯಲ್ಲಿ ಇಸ್ತ್ರಿಪೆಟ್ಟಿಗೆ, ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಅವಳು ವಾರವೆಲ್ಲ ಜನರನ್ನು ಹೊಂದಿಸುತ್ತಿದ್ದಳು.

"ಕಾಲು ನೋವು ಕಣಕ್ಕಾ" ಎನ್ನುವನು ಒಬ್ಬ. "ಮನೆಗೆ ಅತ್ತೆ ಬರ್ತಾರೆ" ಎನ್ನುವಳು ಇನ್ನೊಬ್ಬಳು.

ನೋವಿದ್ದದ್ದು ಕಾಲಿನಲ್ಲಲ್ಲ, ಕಿವಿಯಲ್ಲಿ. ಮೆಟ್ಟಿಲ ಮೇಲೆ ಕೂತು ಆಟ ನೋಡುವ ಅಪ್ಪ ಅಮ್ಮಂದಿರ ಬೈಗುಳ ಕೇಳಿ ಕೇಳಿ ಒಬ್ಬೊಬ್ಬರೇ ಜಾರಿಕೊಳ್ಳುತ್ತಿದ್ದರು. ಸೀಟಿಯಮ್ಮನ ಸಿಟ್ಟೆಲ್ಲ ಅಂಗಿಯ ಕಾಲರಿನ ಮೇಲೆ ಇಳಿಯುತ್ತಿತ್ತು. "ಸೋತ ಮಕ್ಕಳು ಐಸ್‌ಕ್ರೀಮ್ ಕೇಳ್ತವೆ, ಹೆತ್ತವರು ರಕ್ತ ಕೇಳ್ತಾರೆ!"

ರೆಫರಿ ಹುಡುಕಲು ಅವಳದೇ ಒಂದು ದಾರಿಯಿತ್ತು. ಆಟ ಬಲ್ಲವರ ಹಿಂದೆ ಅವಳು ಹೋಗುತ್ತಿರಲಿಲ್ಲ. ಆಟ ಕಲಿಸಬಹುದು. ಗಂಟಲು ಏರಿಸದೆ 'ಇಲ್ಲ' ಎನ್ನುವುದನ್ನು ಕಲಿಸಲಾಗದು. ಒಂದು ದಿನ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಗೂಳಿಯಂಥ ಗಂಡಸೊಬ್ಬ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದ. ಕೌಂಟರಿನ ಹೆಂಗಸು ತಲೆಯನ್ನೂ ಎತ್ತದೆ ಒಂದೇ ಬೆರಳಿನಿಂದ ಸಾಲಿನ ಬಾಲ ತೋರಿಸಿದಳು. ಅವನು ತೆಪ್ಪಗೆ ಹೋಗಿ ನಿಂತ. ಸೀಟಿಯಮ್ಮ ತನಗೆ ಬೇಕಾದ ಮಾತ್ರೆಯನ್ನೇ ಮರೆತಳು.

"ಶನಿವಾರ ಏನ್ ಮಾಡ್ತೀಯಮ್ಮಾ?"

"ಬಟ್ಟೆ ಒಗೀತೀನಿ."

"ನಿನ್ನ ಬಟ್ಟೆ ನಾನು ಒಗೆಸಿ ಕೊಡ್ತೀನಿ. ನೀನು ಬಂದು ಸೀಟಿ ಊದು."

ಅವಳು ನಕ್ಕು ತಳ್ಳಿಹಾಕಿದಳು. ಸೀಟಿಯಮ್ಮ ಬಿಡಲಿಲ್ಲ. ನೆಗಡಿಯಿಲ್ಲದಿದ್ದರೂ ನೆಗಡಿಯ ಮಾತ್ರೆ ಕೊಳ್ಳಲು ಮತ್ತೆ ಮತ್ತೆ ಹೋದಳು. ಕೊನೆಗೆ ಕೌಂಟರಿನವಳೇ ಕೇಳಿದಳು, "ಜನ ಬಾಯಿಗೆ ಬಂದಂಗೆ ಬೈತಾರಂತಲ್ಲಕ್ಕಾ?"

"ಬೈದವನು ಹೊರಗೆ ಹೋಗೋವರೆಗೂ ಆಟ ನಡೆಯಲ್ಲ. ಅವನು ಯಾರಾದ್ರೂ ಸರಿ. ಇದು ನನ್ನ ಮಾತು."

ಆ ಮಾತು ನಂಬಿ ಬಂದಳು. ಅವಳಷ್ಟು ಒಳ್ಳೆಯ ರೆಫರಿ ಸೀಟಿಯಮ್ಮನಿಗೆ ಮತ್ತೆ ಸಿಕ್ಕಿರಲಿಲ್ಲ.

ಹಾಗಿರುವಾಗ ಫೈನಲ್ ಬಂತು. ಒಂದು ಕಡೆ ಆಡುತ್ತಿದ್ದವನು ಸೀಟಿಯಮ್ಮನ ತಮ್ಮನ ಮಗ. ತಮ್ಮನೆಂದರೆ ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ಅವರ ತಂಡ ಒಂದು ಪಾಯಿಂಟು ಹಿಂದಿತ್ತು, ಆಟ ಇನ್ನೇನು ಮುಗಿಯುವುದರಲ್ಲಿತ್ತು. ಹುಡುಗ ಚೆಂಡು ಹಿಡಿದವನೇ ನೆಲಕ್ಕೆ ಪುಟಿಸುವುದನ್ನು ಮರೆತು ಓಡಿ ಬುಟ್ಟಿಗೆ ಹಾಕಿದ. ಸೀಟಿ ಕೇಳಿಸಿತು. ಔಷಧಿ ಅಂಗಡಿಯವಳು ಆ ಅಂಕ ಇಲ್ಲವೆಂದು ಕೈ ಆಡಿಸಿದಳು.

ತಮ್ಮ ಮೆಟ್ಟಿಲಿಳಿದು ಅಂಗಳದೊಳಕ್ಕೇ ನುಗ್ಗಿದ. "ಏಯ್ ಮಾತ್ರೆ! ಕಣ್ಣು ಕಾಣ್ಸಲ್ವಾ? ಅಂಗಡಿಗೆ ಹೋಗಿ ಕಣ್ಣಿಗೆ ಡ್ರಾಪ್ಸ್ ಹಾಕ್ಕೋ ಹೋಗೇ!"

ಕೆಲವರು ಕಿಸಕ್ಕೆಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಔಷಧಿ ಅಂಗಡಿಯವಳು ಅವನತ್ತ ನೋಡಲಿಲ್ಲ. ಕೊರಳ ಸೀಟಿಯ ದಾರಕ್ಕೆ ಕೈ ಹಾಕಿ, ಮೇಜಿನ ಹಿಂದೆ ಕೂತಿದ್ದ ಸೀಟಿಯಮ್ಮನನ್ನು ನೋಡಿದಳು.

ಸೀಟಿಯಮ್ಮ ಎದ್ದು ಬಂದು ಚೆಂಡನ್ನೆತ್ತಿ ಕಂಕುಳಲ್ಲಿ ಇರುಕಿಕೊಂಡಳು. "ಹೊರಗೆ ನಡಿ."

"ಅಕ್ಕಾ, ಆಡ್ತಿರೋದು ನಿನ್ನ ಅಳಿಯ ಕಣಕ್ಕಾ!"

"ಅಳಿಯ ಆಡ್ತಿದಾನೆ, ನೀನು ಕುಣೀತಿದೀಯ. ನಡಿ."

"ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೀತೀಯಾ?"

"ಅದು ನಿನ್ನ ಬಾಯಿಂದಾನೇ ಬಿದ್ದುಹೋಯ್ತು. ನಾನು ಗುಡಿಸ್ತಿದೀನಿ, ಅಷ್ಟೆ."

ಲೀಗಿನ ಕಾರ್ಯದರ್ಶಿ ಬೆವರೊರೆಸಿಕೊಳ್ಳುತ್ತ ಓಡಿ ಬಂದರು. "ಅಮ್ಮಾ, ಫೈನಲ್ಲು. ಈ ಸಲ ಹೋಗ್ಲಿ ಬಿಡಿ. ಕಪ್ ಕೊಡೋಕೆ ದೊಡ್ಡವರು ಬಂದು ಕೂತಿದಾರೆ."

"ಈ ಸಲ, ಈ ಸಲ ಅಂತಾನೇ ಎಲ್ಲರೂ ಸೀಟಿ ಬಿಸಾಕಿ ಹೋದ್ರು ಸ್ವಾಮಿ. ಮುಂದಿನ ವಾರ ನೀವು ಊದ್ತೀರಾ?"

ಅವರು ಹಿಂದೆ ಸರಿದರು. ತಮ್ಮ ಮಾತ್ರ ಚಕ್ಕಂಬಕ್ಕಳ ಹಾಕಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. "ಹೋಗಲ್ಲ. ಅದೇನ್ ಮಾಡ್ತೀಯೋ ಮಾಡು."

"ಹಾಗಾದ್ರೆ ಆಟ ಮುಗೀತು. ಆ ಕಡೆಯವರು ಗೆದ್ರು."

ಅಳಿಯ ಬಿಕ್ಕತೊಡಗಿದ. ಅವನ ಅಂಗಿಗೆ ಬೆಳಿಗ್ಗೆ ಇಸ್ತ್ರಿ ಹಾಕಿ ಕಳಿಸಿದ್ದು ಅವಳೇ. ಆದರೂ ಸಿಟ್ಟು ಇಳಿಯಲಿಲ್ಲ. ಮಗನ ಕಣ್ಣೀರಿಗೆ ಕಾರಣವಾದವನ ಮೇಲೆ ಇನ್ನಷ್ಟು ಏರಿತು. ಚೆಂಡು ಹಿಡಿದುಕೊಂಡೇ ಹೊರಗೆ ನಡೆದಳು.

ಬಾಗಿಲ ಬಳಿ ಔಷಧಿ ಅಂಗಡಿಯವಳು ಹಿಂದಿನಿಂದ ಬಂದು ಸೇರಿದಳು. ಸೀಟಿ ಇನ್ನೂ ಕೊರಳಲ್ಲೇ ಇತ್ತು. "ಮುಂದಿನ ಶನಿವಾರ ಎಷ್ಟೊತ್ತಿಗೆ ಬರ್ಲಿ ಅಕ್ಕಾ?" ಎಂದಳು.

ಸೋಮವಾರ ತಮ್ಮ ಲಾಂಡ್ರಿಯ ಬಾಗಿಲಲ್ಲಿ ಬಂದು ನಿಂತ. "ಅಕ್ಕಾ, ಏನೋ ಬಾಯಿ ತಪ್ಪಿ..."

ಸೀಟಿಯಮ್ಮ ತಿರುಗಿ ನೋಡಲಿಲ್ಲ. ಅಂಗಿಯ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಒತ್ತಿದಳು. ಚುಂಯ್ ಎಂದು ಹಬೆ ಎದ್ದಿತು.

"ನನ್ನ ಹತ್ರ ಏನು ಕೆಲಸ? ಔಷಧಿ ಅಂಗಡಿಗೆ ಹೋಗು. ಸಾಲಿದ್ರೆ ಹಿಂದೆ ನಿಂತ್ಕೋ, ಮುಂದೆ ನುಗ್ಗಬೇಡ."